ಅಕ್ಕನ ಹೆಸರು, ನನ್ನ ಬೆರಳು

ಅಕ್ಕನ ಕಂಪ್ಯೂಟರಿನ ಗುಂಡಿ ಒತ್ತಿದ್ದು ನಾನು ಎಂದು ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ಕಡುಬು ತಿನ್ನುತ್ತಾ ಕೂತಿದ್ದೆ.

ನಮ್ಮಕ್ಕನನ್ನು ಬಲ್ಲವರು ನನ್ನನ್ನು ಪೂರ್ತಿ ಬೈಯಲಾರರು. ಕಡೂರಿನ ಅವಳ ಮನೆಯಲ್ಲಿ ದೇವರು ಪ್ರತ್ಯಕ್ಷನಾದರೂ ಮೊದಲು ಹೆಸರು ಹೇಳಬೇಕು, ಆಮೇಲೆ ಪ್ರತ್ಯಕ್ಷನಾಗಲು ಅನುಮತಿ ಕೊಟ್ಟವರು ಯಾರೆಂದು ಹೇಳಬೇಕು! ತಪ್ಪು ಅವಳದಲ್ಲ, ಉದ್ಯೋಗದ್ದು. ಮನೆಯಲ್ಲೇ ಕೂತು ಯಾವುದೋ ಕಂಪನಿಯ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುತ್ತಾಳೆ. ಯಾರಾದರೂ ಅದಕ್ಕೊಂದು ಕೆಲಸ ಒಪ್ಪಿಸಿದರೆ, ಒಪ್ಪಿಸುವ ಹಕ್ಕು ಅವರಿಗಿದೆಯೇ ಎಂದು ಅವಳ ಪ್ರೋಗ್ರಾಂ ನೋಡುತ್ತದೆ. ಇಲ್ಲದಿದ್ದರೆ ವಾಪಸ್. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೂ ಇಷ್ಟು ಅರ್ಥವಾಗಿದೆ. ಅವಳ ಅಡುಗೆಮನೆಯಲ್ಲೂ ಅದೇ ಪ್ರೋಗ್ರಾಂ ಓಡುತ್ತದಲ್ಲ!

ತರೀಕೆರೆಯ ಚಿಕ್ಕಪ್ಪ ಒಮ್ಮೆ ಉಪ್ಪಿನಕಾಯಿ ಜಾಡಿಗೆ ಕೈ ಹಾಕಿದರು.

"ಯಾರನ್ನ ಕೇಳಿ ತೆಗೆದ್ರಿ?"

"ಲೇ, ನಾನು ನಿನ್ನ ಚಿಕ್ಕಪ್ಪ ಕಣೇ!"

"ನೀವ್ಯಾರು ಅಂತ ಗೊತ್ತು ಚಿಕ್ಕಪ್ಪ. ಜಾಡಿ ತೆಗೆಯೋ ಹಕ್ಕೈತಾ ಅಂತ ಕೇಳ್ದೆ."

ಚಿಕ್ಕಪ್ಪ ಬರೀ ಮೊಸರನ್ನ ಉಂಡು ಬಸ್ ಹತ್ತಿದರು.

ಭಾವನದು ಇನ್ನೂ ಕಷ್ಟ. ನೀರಿನ ಮೋಟಾರ್ ಆಫ್ ಮಾಡುವ ಹಕ್ಕು ಮಾತ್ರ ಅವರದು. ಆನ್ ಮಾಡುವುದು ಅವರ ತಾಯಿಯದು. ತಾಯಿ ಮಠಕ್ಕೆ ಹೋದ ದಿನ ಭಾವ ತಲೆಗೆ ಸೋಪು ಹಚ್ಚಿಕೊಂಡೇ ಅವರ ದಾರಿ ಕಾಯ್ದರು.

ಅವತ್ತು ನಾನು ನಮ್ಮೂರು ಶಿವನಿಯಿಂದ ಅವಳ ಮನೆಗೆ ಹೋಗಿದ್ದೆ. ಕಂಪ್ಯೂಟರಿನ ಪರದೆಯ ಮೇಲೆ ಒಪ್ಪಿಸಬೇಕಾದ ಬಿಲ್ಲಿನ ಕೆಲಸವಿತ್ತು. "ಲೆಕ್ಕ ಪೂರ್ತಿ ಆಗೋದು ಸಂಜೆಗೆ, ಅಲ್ಲೀತನಕ ಇದನ್ನ ಕಳಿಸಂಗಿಲ್ಲ. ಹಕ್ಕಿಲ್ಲದೋರು ಒತ್ತಿದ್ರೆ ಅದೇ ವಾಪಸ್ ಹಾಕ್ತದೆ" ಎಂದು ಅಕ್ಕ ಕಡುಬು ತರಲು ಎದ್ದಳು. ಹಾಕಲಿ, ನೋಡೇಬಿಡೋಣ ಎಂದು ಒತ್ತಿದೆ. ವಾಪಸ್ ಹಾಕಲಿಲ್ಲ! ಅಲ್ಲಿದ್ದದ್ದು ಅಕ್ಕನ ಹೆಸರು. ಬೆರಳು ಯಾರದೆಂದು ಅದು ಕೇಳುವುದೇ ಇಲ್ಲ.

ಗಿರಾಕಿಗಳಿಗೆಲ್ಲ ಅರ್ಧಂಬರ್ಧ ಬಿಲ್ಲು ಹೋಯಿತು. ಅವಳ ಸಾಹೇಬರ ಫೋನ್ ಬಂತು. ಅಕ್ಕ ನನ್ನ ಮುಖ ನೋಡಿದಳು. ನಾನು ಕೈಯಲ್ಲಿದ್ದ ಕಡುಬನ್ನು ಬಾಯಿಗಿಟ್ಟುಕೊಂಡೆ.

"ನನ್ನ ಹೆಸರಲ್ಲಿ ಹೋಗೈತೆ ಸಾರ್. ತಪ್ಪು ನಂದೇ" ಎಂದಳು.

ಕೆಲಸ ಒಪ್ಪಿಸುವ ಅವಳ ಹಕ್ಕನ್ನೇ ಕಂಪನಿ ಕಿತ್ತುಕೊಂಡಿತು. ಈಗ ಪ್ರತಿಯೊಂದಕ್ಕೂ ತಾನೇ ಕೆಲಸ ಕಲಿಸಿದ ಹುಡುಗಿಯ ಅನುಮತಿ ಕೇಳುತ್ತಾಳೆ.

ಮೊನ್ನೆ ಹೋದವನು ಕೇಳದೆಯೇ ಸ್ಟೌವ್ ಹಚ್ಚಿ ಟೀಗಿಟ್ಟೆ. ಬೇಕೆಂದೇ. ಉಪ್ಪಿನಕಾಯಿ ಜಾಡಿಯನ್ನೂ ತೆಗೆದೆ. ಟೀಗೆ ಉಪ್ಪಿನಕಾಯಿ ಯಾಕೆಂದೂ ಅವಳು ಕೇಳಲಿಲ್ಲ.

"ತಗೊಳೋ" ಎಂದಳು, ಅಷ್ಟೇ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸ್ಟೌವ್ ಆರಿಸಿದೆ.

"ಯಾರನ್ನ ಕೇಳಿ ಒತ್ತಿದೆ ಅಂತ ಕೇಳಕ್ಕ."

ಅವಳು ಸ್ಟೌವ್ ಮತ್ತೆ ಹಚ್ಚಿದಳು.

"ಸಾಹೇಬ್ರಿಗೆ ಫೋನ್ ಮಾಡಿ ಕೊಡು, ನಾನೇ ಹೇಳ್ತೀನಿ. ಒತ್ತಿದ್ದು ನಾನು. ಯಾರನ್ನೂ ಕೇಳ್ದೆ ಒತ್ತಿದೆ. ತಪ್ಪಾಯ್ತು ಕಣಕ್ಕ."