ಮೇಜಿನ ಮೇಲಿದ್ದ ಸೇಬು

ಹಸಿವೆಂಬುದು ದೇವರೇ ಹೊಟ್ಟೆಯೊಳಗೆ ಕಟ್ಟಿದ ಗಂಟೆ. ಅದು ಹೊಡೆಯತೊಡಗಿದರೆ ಬುದ್ಧಿಯ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಆ ದಿನ ಬೆಳಿಗ್ಗೆ ‘ರಬ್ಬರ್’ ಎಂಬ ಹುಡುಗನ ಹೊಟ್ಟೆಯಲ್ಲಿ ಅದು ಸ್ವಲ್ಪ ಜೋರಾಗಿ ಹೊಡೆದುಕೊಂಡದ್ದೇ ಎಲ್ಲ ಅನರ್ಥಕ್ಕೂ ಮೂಲ.

ರಬ್ಬರ್ ಎನ್ನುವುದು ಗೆಳೆಯರಿಟ್ಟ ಹೆಸರು. ಬರೆಯುವುದಕ್ಕಿಂತ ಅಳಿಸುವುದರಲ್ಲೇ ಅವನ ಕೈ ಮುಂದು. ಅವನು ಓದುತ್ತಿದ್ದದ್ದು ಎಲ್ಲ ವಿದ್ಯೆಯನ್ನೂ ಚಮಚದಲ್ಲಿ ಕುಡಿಸುವ ಪದವಿ. ತತ್ವಶಾಸ್ತ್ರ ಒಂದು ಚಮಚ, ಅರ್ಥಶಾಸ್ತ್ರ ಒಂದು ಚಮಚ, ಮನಶ್ಶಾಸ್ತ್ರ ಅರ್ಧ ಚಮಚ, ಕೊನೆಗೆ ಬಾಯಿ ಸಿಹಿಯಾಗಲೆಂದು ಒಂದಿಷ್ಟು ಚಿತ್ರಕಲೆ. ಉಳಿದದ್ದನ್ನೆಲ್ಲ ಮೂಗು ಹಿಡಿದು ನುಂಗಿದ ಹುಡುಗ ಚಿತ್ರದ ಮುಂದೆ ಮಾತ್ರ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ. ಮುಂದಿನ ವರ್ಷ ಅದನ್ನೇ ಮುಖ್ಯ ವಿಷಯವಾಗಿ ಹಿಡಿಯಬೇಕೆಂದು ಹಟ. ಅಪ್ಪ ಒಪ್ಪಿದ್ದು ಒಂದೇ ಮಾತಿನ ಮೇಲೆ.

"ಈ ಸಲ ಚಿತ್ರದಲ್ಲಿ ಪಾಸಾದ್ರೆ ಸರಿ. ಇಲ್ದಿದ್ರೆ ನಮ್ಮ ಪೈಪಿನ ಅಂಗಡಿ ಇದ್ದೇ ಇದೆ. ಪೈಪೂ ದುಂಡಗಿರುತ್ತೆ, ಅದರ ಮೇಲೂ ಬೆಳಕು ಬೀಳುತ್ತೆ. ನೋಡ್ತಾ ಕೂತ್ಕೊಳ್ಳೋವಂತೆ."

ಆ ಪರೀಕ್ಷೆ ಆ ದಿನವೇ. ಹೊರಗಿನಿಂದ ಪರೀಕ್ಷಕರು ಬಂದು, ಬರೆದಿಟ್ಟ ಚಿತ್ರವನ್ನು ಮೇಜಿನ ಮೇಲಿನ ವಸ್ತುಗಳ ಜೊತೆ ಹೋಲಿಸಿ ಅಂಕ ಹಾಕುವವರಿದ್ದರು.

ಓದಿಗೆಂದು ಹುಡುಗ ಇದ್ದದ್ದು ಸೋದರತ್ತೆಯ ಮನೆಯಲ್ಲಿ. ಬೆಳಿಗ್ಗೆ ತಟ್ಟೆಯ ಮುಂದೆ ಕೂತವನಿಗೆ ಅತ್ತೆ ತಿಂಡಿಗಿಂತ ಮೊದಲು ಮಾತು ಬಡಿಸಿದಳು.

"ಅಲ್ವೋ, ಒಂದು ಸೇಬು, ಒಂದು ಹೂಜಿ, ಇಷ್ಟನ್ನ ವಾರದಿಂದ ಬರೀತಿದೀಯಂತೆ. ಚಿತ್ರ ಬರೆದ್ರೆ ಹೊಟ್ಟೆ ತುಂಬುತ್ತೇನೋ?"

"ತುಂಬುತ್ತೆ!" ಎಂದು ಎದ್ದವನು ಕೋಪದಲ್ಲಿ ತಿಂಡಿಯನ್ನೂ ಬಿಟ್ಟ, ದುಡ್ಡಿನ ಚೀಲವನ್ನೂ ಬಿಟ್ಟ. ಸಿಟ್ಟು ಬಂದಾಗ ಮನುಷ್ಯ ಎಲ್ಲವನ್ನೂ ಬಿಡುತ್ತಾನೆ, ಸಿಟ್ಟೊಂದನ್ನು ಬಿಟ್ಟು.

ಚಿತ್ರದ ಕೋಣೆಯಲ್ಲಿ ಇನ್ನೂ ಯಾರೂ ಇರಲಿಲ್ಲ. ಕಿಟಕಿಯ ಕೆಳಗಿನ ಮೇಜಿನ ಮೇಲೆ ಮಡಿಕೆ ಬಿದ್ದ ಬಿಳಿ ಬಟ್ಟೆ, ಮೂತಿ ಒಡೆದ ಹೂಜಿ, ಖಾಲಿ ಬಾಟಲಿ, ಒಂದು ಸೇಬು. ಗೋಡೆಯ ಮೇಲೆ ಚಿತ್ರ ಕಲಿಸುವ ಮೇಡಂ ದಪ್ಪಕ್ಷರದಲ್ಲಿ ಬರೆಸಿದ್ದ ಮಂತ್ರ: ‘ಕಂಡದ್ದನ್ನು ಬರಿ, ಗೊತ್ತಿದ್ದದ್ದನ್ನಲ್ಲ.’ ಸುತ್ತಲಿನ ಹಲಗೆಗಳಲ್ಲಿ ಎಲ್ಲರ ಇದ್ದಿಲಿನ ಚಿತ್ರಗಳೂ ಮುಗಿದು ನಿಂತಿದ್ದವು. ರಬ್ಬರನದು ಮಾತ್ರ ಒಂದು ಚುಕ್ಕೆ ಬಾಕಿ. ಸೇಬಿನ ಕೆನ್ನೆಯ ಮೇಲೊಂದು ಕಪ್ಪು ಮಚ್ಚೆ ಇತ್ತು. ಅದನ್ನಿಟ್ಟ ಕೂಡಲೇ ಕಾಗದದ ಸೇಬಿಗೆ ಜೀವ ಬಂದಂತಾಯಿತು. ಹುಡುಗನಿಗೆ ಆನಂದ ಉಕ್ಕಿತು. ಆನಂದದಲ್ಲಿ ಕೈ ಮುಂದಾಯಿತು, ಬಾಯಿ ಹಿಂದೆ ಬೀಳಲಿಲ್ಲ. ಎಚ್ಚರವಾದಾಗ ಬೆರಳ ನಡುವೆ ಬೀಜದ ದಿಂಡು ಮಾತ್ರ ಉಳಿದಿತ್ತು.

"ಅಯ್ಯೋ ಶಿವನೇ!" ದಿಂಡನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ತುರುಕಿ, ಬಾಲಕ್ಕೆ ಬೆಂಕಿ ಹತ್ತಿದ ಬೆಕ್ಕಿನಂತೆ ಓಡಿದ.

ಹಣ್ಣಿನಂಗಡಿಯವನು ಆಗತಾನೇ ಸೇಬುಗಳ ಮೈಯೊರೆಸಿ ಗೋಪುರ ಕಟ್ಟುತ್ತಿದ್ದ.

"ಅಣ್ಣಾ, ಒಂದು ಸೇಬು. ಕೆನ್ನೆ ಮೇಲೆ ಮಚ್ಚೆ ಇರಬೇಕು. ಎಡಗೆನ್ನೆ."

"ಹಣ್ಣು ಬೇಕೋ, ಹೆಣ್ಣು ನೋಡ್ತಿದೀಯೋ?"

ಬುಟ್ಟಿ ಹಿಡಿದು ನಿಂತಿದ್ದ ಒಬ್ಬಾಕೆ, "ಮಚ್ಚೆ ಇರೋದ್ರೊಳಗೆ ಹುಳ ಇರುತ್ತಪ್ಪ," ಎಂದಳು. ಅವಳ ಹಿಂದಿದ್ದ ಮುದುಕ, "ಹುಳ ಇದ್ರೇನೇ ಹಣ್ಣು ಸಿಹಿ," ಎಂದ. ಇಬ್ಬರೂ ಹುಳದ ಪರ, ವಿರೋಧ ವಾದಕ್ಕಿಳಿದರು. ಗೋಪುರದ ಕೆಳಸಾಲಿನಲ್ಲಿ ಕೊನೆಗೂ ಮಚ್ಚೆಯದೊಂದು ಸಿಕ್ಕಿತು, ಎಳೆದದ್ದಕ್ಕೆ ಗೋಪುರವೇ ಕುಸಿದು ಸೇಬುಗಳು ಶಾಲೆ ಬಿಟ್ಟ ಮಕ್ಕಳಂತೆ ಬೀದಿಗೆ ಓಡಿದವು. ಎಲ್ಲವನ್ನೂ ಆಯ್ದು ತಂದು ಜೇಬು ತಡವಿದರೆ ದುಡ್ಡಿಲ್ಲ.

"ದುಡ್ಡಿಲ್ದೆ ಮಚ್ಚೆ ಹುಡುಕೋಕೆ ಬಂದ್ಯಾ? ಏನು ಕೆಲಸ ಮಾಡ್ತೀಯ?"

"ಚಿತ್ರ ಕಲೀತೀನಿ ಅಣ್ಣಾ."

"ಹಾಗಾದ್ರೆ ನಮ್ಮಂಗಡಿ ಬೆಲೆ ಹಲಗೆ ಮೇಲೆ ಸೀಮೆಸುಣ್ಣದಲ್ಲೊಂದು ಸೇಬು ಬರಿ, ತಗೊಂಡು ಹೋಗು."

ಬರೆದ. ಹಿಂದೆ ಮುಂದೆ ನೋಡದೆ ಬರೆದ. ಬುಟ್ಟಿಯಾಕೆ ಕತ್ತು ವಾರೆ ಮಾಡಿ, "ಟೊಮೇಟೊ ಚೆನ್ನಾಗಿದೆ," ಎಂದಳು. ರಬ್ಬರ್ ಸೇಬು ಹಿಡಿದು ತಿರುಗಿದರೆ ಎದುರಿಗೆ ಅತ್ತೆ!

"ಮನೆ ತಿಂಡಿ ಬಿಟ್ಟು ಬೀದೀಲಿ ಹಣ್ಣು ಬೇಡ್ತಿದೀಯಾ? ನಮ್ಮಣ್ಣ ಕೇಳಿದ್ರೆ ಏನಂದಾನು? ಸರಿ, ಇಲ್ಲೇ ತಿನ್ನು, ನನ್ನ ಕಣ್ಣೆದುರಿಗೆ."

"ಅತ್ತೆ, ಇದು ತಿನ್ನೋಕಲ್ಲ, ನೋಡೋಕೆ."

"ಹಣ್ಣು ನೋಡೋಕೆ ಅಂತ ಯಾವ ಪುರಾಣದಲ್ಲಿದೆ? ಬಾಯಿ ತೆಗಿ!"

ಅವಳು ಮಣಿಕಟ್ಟು ಹಿಡಿದು ಹಣ್ಣನ್ನು ಬಾಯಿಗೊತ್ತಿದಳು. ಇವನು ಹಲ್ಲು ಕಚ್ಚಿ ತಲೆ ಆಚೀಚೆ ಆಡಿಸಿದ. "ಔಷಧಿ ಕುಡೀದಿರೋ ಮಗು ಥರ ಆಡ್ತಾನಲ್ಲ," ಎಂದು ಮುದುಕ ಮರುಗಿದ. ಹೇಗೋ ನುಣುಚಿಕೊಂಡು ರಬ್ಬರ್ ಕಾಲಿಗೆ ಬುದ್ಧಿ ಹೇಳಿದ.

ಅಷ್ಟರಲ್ಲಿ ಕೋಣೆಯಲ್ಲಿ ಬೇರೊಂದೇ ಲೀಲೆ ನಡೆದಿತ್ತು. ತರಗತಿಯವರು ಬಂದು ನೋಡಿದರೆ ಸೇಬಿಲ್ಲ. ತತ್ವಶಾಸ್ತ್ರದ ಚಮಚವನ್ನು ಸ್ವಲ್ಪ ಜಾಸ್ತಿಯೇ ಕುಡಿದಿದ್ದ ‘ಸ್ವಾಮಿ’ ಎಂಬ ಹುಡುಗ ಕಣ್ಣು ಮುಚ್ಚಿದ. "ಇಲ್ಲ ಅನ್ನೋದೂ ಒಂದು ಇರುವಿಕೆಯೇ."

"ಪೂರೈಕೆ ನಿಂತಿದೆ ಅಷ್ಟೇ," ಎಂದಳು ಅರ್ಥಶಾಸ್ತ್ರದ ಚಮಚ ಹಿಡಿಸಿದ್ದ ‘ಲಾಭ’ ಎಂಬ ಹುಡುಗಿ.

ಮೇಡಂ ಒಳಬಂದು ಮೇಜು ನೋಡಿದರು, ಗೋಡೆಯ ಮಂತ್ರ ನೋಡಿದರು.

"ಸೇಬು ಕಾಣ್ತಾ ಇದೆಯಾ?"

"ಇಲ್ಲ ಮೇಡಂ."

"ಮತ್ತೆ ಚಿತ್ರದಲ್ಲಿ ಯಾಕಿದೆ? ಅಳಿಸಿ."

ಯಾರ ಹತ್ತಿರವೂ ಸಾಕಷ್ಟು ರಬ್ಬರಿಲ್ಲ. ಆದರೆ ರಬ್ಬರ್ ಅಲ್ಲೇ ಬಿಟ್ಟು ಓಡಿದ್ದ ಪುಸ್ತಕದ ಚೀಲದಲ್ಲಿ ಇಲ್ಲದಿರುತ್ತದೆಯೇ? ಅವನ ದಪ್ಪ ರಬ್ಬರು ಕೈಯಿಂದ ಕೈಗೆ ಹೋಯಿತು. ಒಂದೊಂದು ಸೇಬು ಮಾಯವಾದಂತೆಲ್ಲ ತಾನೂ ಸವೆದು, ಕೊನೆಯ ಹಲಗೆಯ ಸರದಿ ಬರುವ ಮೊದಲೇ ಸಂತರಂತೆ ಹೆಸರೊಂದನ್ನೇ ಉಳಿಸಿ ಕಣ್ಮರೆಯಾಯಿತು. ಪರೀಕ್ಷಕರ ಗಾಡಿ ಬಂದ ಸದ್ದಾಗಿ ಎಲ್ಲರೂ ಅವರನ್ನು ಎದುರುಗೊಳ್ಳಲು ಹೊರಗೆ ಹೋದರು.

ರಬ್ಬರ್ ಹಿಂಬಾಗಿಲಿನಿಂದ ನುಗ್ಗಿದ. ಕೋಣೆ ಖಾಲಿ. ಸೇಬನ್ನು ಮೇಜಿನ ಮೇಲಿಟ್ಟು, ಮಚ್ಚೆಯನ್ನು ಎಡಕ್ಕೆ ತಿರುಗಿಸಿ, ಕೊನೆಯ ಹಲಗೆಯಾದ ತನ್ನದರ ಪಕ್ಕ ಏನೂ ಅರಿಯದವನಂತೆ ನಿಂತ.

ಮೆರವಣಿಗೆ ಒಳಬಂತು. ಮೇಜಿನ ಮೇಲೆ ಸೇಬು! ಮೇಡಂ ಮುಖ ಸುಣ್ಣದ ಗೋಡೆಯಾಯಿತು. "ನಂಬಬೇಡಿ, ಅದು ಮಾಯೆ," ಎಂದು ಸ್ವಾಮಿ ಪಿಸುಗುಟ್ಟಿದ.

ಪರೀಕ್ಷಕರು ಕಡ್ಡಿಯಂಥ ವೃದ್ಧರು. ಬೆಳಗಿನ ಜಾವ ಊರು ಬಿಟ್ಟವರು ದಾರಿಯಲ್ಲಿ ಏನೂ ತಿಂದಂತಿರಲಿಲ್ಲ. ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕುಸಿದು ಮೊದಲ ಚಿತ್ರ ನೋಡಿದರು.

"ಸೇಬೆಲ್ಲಮ್ಮ?"

ಲಾಭ ಚಿತ್ರಕ್ಕೆ ಅಡ್ಡ ನಿಂತಳು. "ಅದು... ಕೊರತೆ ಸರ್. ಕೊರತೆಯಿಂದಲೇ ಬೆಲೆ."

"ನಿನ್ನದರಲ್ಲಿ?"

"ಸೇಬು ಇತ್ತು ಎಂಬ ಭ್ರಮೆಯಿಂದ ನಾನು ಬಿಡುಗಡೆ ಹೊಂದಿದೆ," ಎಂದು ಸ್ವಾಮಿ ಶುರು ಮಾಡಿದ. ಶುರು ಮಾಡಿದವನು ನಿಲ್ಲಲಿಲ್ಲ. ಅವನ ನಂತರದವರೂ ನಿಲ್ಲಲಿಲ್ಲ. ಶೂನ್ಯ, ಮೌನ, ಅಭಾವ ಎಂದು ಒಬ್ಬರ ಮೇಲೊಬ್ಬರು ಪ್ರವಚನ ಹೇಳಿದರು. ರಬ್ಬರ್ ಮಾತ್ರ ಒಂದೊಂದೇ ಹಲಗೆಯತ್ತ ಕಣ್ಣು ಹಾಯಿಸಿದ. ಇಡೀ ತರಗತಿಯಲ್ಲಿ ಸೇಬಿರುವುದು ತನ್ನ ಚಿತ್ರದಲ್ಲಿ ಮಾತ್ರ! ಪೈಪಿನಂಗಡಿ ಕಣ್ಣೆದುರೇ ದೂರ ದೂರ ಸರಿಯಿತು.

ಆಗ ‘ಕರಕ್’ ಎಂದಿತು.

ಆ ಸದ್ದಿನ ಗುರುತು ಅವನಿಗೆ ಬೆಳಿಗ್ಗೆಯಿಂದಲೇ ಇತ್ತು. ತಿರುಗಿ ನೋಡಿದ. ಪರೀಕ್ಷಕರು ಕಣ್ಣು ಅರೆಮುಚ್ಚಿ, ಶೂನ್ಯದ ವ್ಯಾಖ್ಯಾನಕ್ಕೆ ತಲೆದೂಗುತ್ತ, ತಮಗೇ ತಿಳಿಯದಂತೆ ಸೇಬು ಕಡಿಯುತ್ತಿದ್ದರು. ಮಿಕ್ಕವರೆಲ್ಲ ತಮ್ಮ ತಮ್ಮ ಚಿತ್ರ ನೋಡುತ್ತಿದ್ದರು, ಮೇಡಂ ಸೂರು ನೋಡುತ್ತಿದ್ದರು. ಕಂಡದ್ದನ್ನು ಬರೆಯುವ ಆ ಕೋಣೆಯಲ್ಲಿ ಕಂಡವನು ಇವನೊಬ್ಬನೇ.

ತನ್ನ ಸೇಬನ್ನೂ ಅಳಿಸಲು ಚೀಲಕ್ಕೆ ಕೈ ಹಾಕಿದ. ಜೀವಮಾನದಲ್ಲೇ ಮೊದಲ ಸಲ ರಬ್ಬರನ ಹತ್ತಿರ ರಬ್ಬರಿರಲಿಲ್ಲ.

ಪರೀಕ್ಷಕರು ಎದ್ದು ಬಂದರು. "ಎಲ್ಲರೂ ಇಲ್ಲ ಅಂದರು, ಮನಸ್ಸಿಗೆ ತಟ್ಟಿತು. ನೀನೊಬ್ಬ ಇದೆ ಅಂತೀಯಲ್ಲಪ್ಪ. ಎಲ್ಲಿದೆ ತೋರಿಸು."

ಎಲ್ಲರೂ ಮೇಜಿನತ್ತ ತಿರುಗಿದರು. ಬಟ್ಟೆ, ಹೂಜಿ, ಬಾಟಲಿ. "ಹೇಳಲಿಲ್ವಾ, ಮಾಯೆ!" ಎಂದ ಸ್ವಾಮಿ. ಪರೀಕ್ಷಕರಿಗೆ ತಮ್ಮ ಅಂಗೈ ತೇವವಾಗಿರುವುದು ಆಗ ಅರಿವಿಗೆ ಬಂತು. ಒಮ್ಮೆ ಬಗ್ಗಿ ನೋಡಿಕೊಂಡರು. ಕೈ ದಿಂಡಿನ ಸಮೇತ ಮೆಲ್ಲನೆ ಕೋಟಿನ ಜೇಬಿಗೆ ಇಳಿಯಿತು.

ರಬ್ಬರನಿಗೆ ಬೆವರು ಕಿತ್ತುಕೊಂಡು ಬಂತು. ಒರೆಸಿಕೊಳ್ಳಲು ಕರವಸ್ತ್ರ ಎಳೆದ. ಬೆಳಗಿನ ದಿಂಡು ಉರುಳಿ ಹೋಗಿ ಮೇಡಂ ಪಾದದ ಬಳಿ ನಿಂತಿತು.

"ಓಹೋ! ತಿಂದದ್ದು ನೀನಾ?"

"ಹೌದು ಮೇಡಂ, ಆದ್ರೆ ಅದು ಬೆಳಗಿಂದು..."

"ಬೆಳಗಿಂದಾನೇ ಶುರುವಾ!"

ಅವನು ದೀನನಾಗಿ ಪರೀಕ್ಷಕರ ಜೇಬನ್ನೇ ನೋಡಿದ. ಪರೀಕ್ಷಕರು ಆ ಜೇಬನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ಗಂಟಲು ಸರಿಮಾಡಿಕೊಂಡರು.

"ಕಲಾವಿದನಿಗೆ ಸಂಯಮ ಮುಖ್ಯ ಕಣಪ್ಪ. ಮುಂದಿನ ವರ್ಷ ನೋಡೋಣ."

ದೇವರು ಎಲ್ಲವನ್ನೂ ನೋಡುತ್ತಾನೆ, ನಿಜ. ಆದರೆ ಅಂಕ ಹಾಕುವವರು ಬೇರೆ.

ಸಂಜೆ ಪೈಪಿನಂಗಡಿಗೆ ಹೊರಡಲೆಂದು ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದ ಹುಡುಗನ ಮುಂದೆ ಅತ್ತೆ ತಟ್ಟೆ ಇಟ್ಟಳು. ಅದರ ತುಂಬ ಹೆಚ್ಚಿದ ಸೇಬು. ಬೆಳಿಗ್ಗೆ ಅಂಗಡಿಯ ಮುಂದೆ ಅವನು ಹಣ್ಣು ಬೇಡಿದ್ದು ನೋಡಿ ಅವಳಿಗೇ ಕರುಳು ಚುರುಕ್ಕೆಂದಿತ್ತಂತೆ.

"ಇನ್ನಾದ್ರೂ ಹೇಳು, ಚಿತ್ರ ಬರೆದ್ರೆ ಹೊಟ್ಟೆ ತುಂಬುತ್ತಾ?"

"ತುಂಬುತ್ತೆ ಅತ್ತೆ," ಎಂದ ಅವನು. "ಪರೀಕ್ಷಕರದ್ದು."