ಬಸ್ಸಿಗೆ ಭಾರವಾಗದ ಗಂಡಸು

ಕೋಪಿಷ್ಠರನ್ನು ಹುಟ್ಟಿಸುವಾಗ ದೇವರು ಅದಕ್ಕೆ ತಕ್ಕ ಒಂದು ಮೈಯನ್ನೂ ಜೊತೆಗೆ ಕೊಟ್ಟು ಕಳಿಸಬೇಕು. ನನ್ನ ವಿಷಯದಲ್ಲಿ ಅವನು ಈ ಕೆಲಸವನ್ನು ಅರ್ಧಕ್ಕೇ ಬಿಟ್ಟಿದ್ದಾನೆ. ಕೋಪವನ್ನು ಧಾರಾಳವಾಗಿ ಕೊಟ್ಟ. ಅದನ್ನು ಇಟ್ಟುಕೊಳ್ಳುವುದಕ್ಕೆ ನಾಲ್ಕು ಮೂಳೆ, ಅದರ ಮೇಲೊಂದು ಜುಬ್ಬ, ಅಷ್ಟೆ. ದಪ್ಪ ಮನುಷ್ಯನಿಗೆ ಸಿಟ್ಟು ಬಂದರೆ ಎದುರಿಗಿದ್ದವರು ಹಿಂದೆ ಸರಿಯುತ್ತಾರೆ. ನನಗೆ ಸಿಟ್ಟು ಬಂದರೆ ಹತ್ತಿರ ಬಂದು, ಪಾಪ, ಸ್ವಲ್ಪ ನೀರು ಕುಡಿಯಿರಿ ಎನ್ನುತ್ತಾರೆ. ನಾನು ಕೊಳ್ಳೇಗಾಲದ ಒಂದು ಶಾಲೆಯಲ್ಲಿ ಮೇಷ್ಟ್ರು. ತರಗತಿಯಲ್ಲಿ ಮೇಜು ಗುದ್ದಿದರೆ ಮೇಜು ಸದ್ದು ಮಾಡುವುದಿಲ್ಲ, ನಾನು ಮಾಡುತ್ತೇನೆ. ಮನೆಯಲ್ಲಿ ತಟ್ಟೆ ತಳ್ಳಿ ಎದ್ದರೆ ನನ್ನ ಹೆಂಡತಿ ಗಿರಿಜೆ, ಸಾರು ಖಾರವಾಯಿತೇ ಎಂದು ಕೇಳಿ ಮಜ್ಜಿಗೆ ತರಲು ಹೋಗುತ್ತಾಳೆ. ಸಿಟ್ಟು ಮಾಡಿಕೊಂಡವನಿಗೆ ಮಜ್ಜಿಗೆ ಕೊಡುವುದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ.

ಇಷ್ಟನ್ನು ಮೊದಲೇ ಹೇಳಲು ಕಾರಣವಿದೆ. ನಾನು ಗರಡಿ ಮನೆಗೆ ಸೇರಿದ್ದು ಆರೋಗ್ಯಕ್ಕಾಗಿ ಎಂದು ನಮ್ಮ ಬೀದಿಯಲ್ಲಿ ಒಂದು ಸುದ್ದಿ ಹಬ್ಬಿದೆ. ಶಾಲೆಯಲ್ಲಿ ಹೆಡ್‌ಮಾಸ್ತರರು ಮಕ್ಕಳ ಮುಂದೆ ನನ್ನನ್ನು ತೋರಿಸಿ, ಮೇಷ್ಟ್ರನ್ನು ನೋಡಿ ಕಲಿಯಿರಿ ಎಂದೂ ಹೇಳಿದ್ದಾರೆ. ಶುದ್ಧ ಸುಳ್ಳು. ಆರೋಗ್ಯದ ಗೊಡವೆ ನನಗೆ ಯಾವತ್ತೂ ಇರಲಿಲ್ಲ. ಒಬ್ಬ ಮನುಷ್ಯನನ್ನು ಸೊಂಟಕ್ಕೆ ಕೈಹಾಕಿ ಎತ್ತಿ ನೆಲಕ್ಕೆ ಕೆಡವಬೇಕು ಎಂಬ ಒಂದೇ ಆಸೆಯಿಂದ ನಾನು ಗರಡಿಗೆ ಹೋದೆ.

ಆ ಮನುಷ್ಯ ರಾಮಾಪುರದ ಬಸ್ಸಿನ ಕಂಡಕ್ಟರು ಮಾದಯ್ಯ. ಗಿರಿಜೆಯ ತವರು ರಾಮಾಪುರವಾದ್ದರಿಂದ ಅವನ ಬಸ್ಸು ನನಗೆ ತಪ್ಪಿದ್ದಲ್ಲ. ಯುದ್ಧ ಬಂದು ಪೆಟ್ರೋಲು ಕಾಣೆಯಾದ ಮೇಲೆ ನಮ್ಮ ಕಡೆಯ ಬಸ್ಸುಗಳೆಲ್ಲ ಬೆನ್ನಿಗೊಂದು ಇದ್ದಿಲ ಒಲೆ ಕಟ್ಟಿಕೊಂಡು ಓಡಾಡುತ್ತಿವೆ. ಓಡಾಡುತ್ತಿವೆ ಎನ್ನುವುದು ಮರ್ಯಾದೆಯ ಮಾತು. ಹನೂರಿನವರೆಗೆ ಹೇಗೋ ಬರುತ್ತವೆ. ಅಲ್ಲಿಂದ ಮುಂದೆ ಏರು ಬಂದ ಕೂಡಲೇ ಉಬ್ಬಸ ಹತ್ತಿ ನಿಂತುಬಿಡುತ್ತವೆ. ಆಗ ಕಂಡಕ್ಟರು ಗಂಡಸರೆಲ್ಲ ಇಳಿಯಿರಿ ಎಂದು ಕೂಗುತ್ತಾನೆ. ಗಂಡಸರು ಇಳಿದು ಹಿಂದಿನಿಂದ ತಳ್ಳುತ್ತಾರೆ. ಹೆಂಗಸರು, ಮಕ್ಕಳು ಮತ್ತು ಸಂತೆಯ ಕೋಳಿಗಳು ಒಳಗೆ ಕೂತಿರುವುದು ರೂಢಿ.

ಒಂದು ದಿನ ಗಿರಿಜೆ, ಮಗುವಿನ ಜೊತೆ ರಾಮಾಪುರಕ್ಕೆ ಹೊರಟಾಗ ಬಸ್ಸು ಹೀಗೇ ನಿಂತಿತು, ಕೂಗೂ ಆಯಿತು. ನಾನೂ ಎದ್ದೆ, ಪಂಚೆಯನ್ನು ಮೇಲೆತ್ತಿ ಕಟ್ಟಿದೆ. ಮಾದಯ್ಯ ನನ್ನ ಹೆಗಲ ಮೇಲೆ ಕೈಯಿಟ್ಟ. ಒತ್ತಿದನೆಂದು ಹೇಳಲಾರೆ, ಬರೀ ಇಟ್ಟ, ನಾನು ಕೂತುಬಿಟ್ಟೆ. "ನೀವ್ ಕೂತ್ಕಳಿ ಸಾ," ಎಂದ. "ನೀವ್ ಇಳುದ್ರೂ ಬಸ್ಸಿಗೆ ಗೊತ್ತಾಗದಿಲ್ಲ."

ಅವನ ಮಾತಿನಲ್ಲಿ ಕುಹಕವಿದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವನು ಅದನ್ನು ಮರ್ಯಾದೆಯಿಂದ, ನನ್ನ ಮೇಲಿನ ಕಾಳಜಿಯಿಂದ ಹೇಳಿದ. ಬಸ್ಸಿಗೆ ಬಸ್ಸೇ ನಕ್ಕಿತು. ಸುಮ್ಮನೆ ಕೂತಿದ್ದೀರಲ್ಲ ಎಂದು ಗಿರಿಜೆ ಮಗುವನ್ನು ನನ್ನ ತೊಡೆಯ ಮೇಲೆ ಹಾಕಿ, ಕಿಟಕಿಯಿಂದ ಕತ್ತು ಹೊರಗಿಟ್ಟು ಬಸ್ಸು ತಳ್ಳುವವರನ್ನು ನೋಡತೊಡಗಿದಳು. ಮದುವೆಯಾದಂದಿನಿಂದ ಆಕೆ ಅಷ್ಟು ಆಸಕ್ತಿಯಿಂದ ಏನನ್ನೂ ನೋಡಿದ್ದು ನನಗೆ ನೆನಪಿಲ್ಲ. ಪಕ್ಕದಲ್ಲಿ ಕೋಳಿ ಹಿಡಿದು ಕೂತಿದ್ದ ಮುದುಕಿಯೊಬ್ಬಳು ನನ್ನನ್ನು ತನ್ನ ಗುಂಪಿಗೆ ಸೇರಿಸಿಕೊಂಡು, "ತಕ್ಕೋ ಮಗ," ಎಂದು ಎಲೆ ಅಡಿಕೆ ಕೊಟ್ಟಳು. ನಾನು ಹಲ್ಲು ಕಚ್ಚಿಕೊಂಡು ಅದನ್ನೇ ಅಗಿದೆ. ಏರು ಮುಗಿಯುವ ಹೊತ್ತಿಗೆ ಮಗು ನನ್ನ ಪಂಚೆಯನ್ನು ಒದ್ದೆ ಮಾಡಿತ್ತು. ಆ ಗಳಿಗೆಯಲ್ಲೇ ನಾನು ನಿಶ್ಚಯ ಮಾಡಿದೆ: ಈ ಮಾದಯ್ಯನನ್ನು ಎತ್ತಿ ಹಾಕದಿದ್ದರೆ ನಾನು ಗಂಡಸಲ್ಲ.

ನಿಶ್ಚಯವೇನೋ ಬಸ್ಸಿನಲ್ಲೇ ಆಯಿತು. ಗರಡಿಯ ಬಾಗಿಲು ದಾಟುವುದಿದೆಯಲ್ಲ, ಅದು ಬೇರೆ ಕಥೆ. ನಮ್ಮಲ್ಲಿ ಗರಡಿಗೆ ಯಾರೂ ತಾವಾಗಿ ಒಬ್ಬರೇ ಹೋಗಿ ಸೇರುವುದಿಲ್ಲ. ಮೀಸೆ ಮೂಡುವುದಕ್ಕೆ ಎಷ್ಟೋ ಮುಂಚೆ ಅಪ್ಪನೋ ಸೋದರಮಾವನೋ ಹುಡುಗನ ಕೈಹಿಡಿದು ಕರೆದುಕೊಂಡು ಹೋಗಿ, ತೆಂಗಿನಕಾಯಿ ಒಡೆಸಿ, ಆ ಕೈಯನ್ನು ಉಸ್ತಾದರ ಕೈಯಲ್ಲಿಟ್ಟು ಬರುತ್ತಾರೆ. ನನ್ನ ತಂದೆ ತೀರಿಕೊಂಡಿದ್ದರು. ಸೋದರಮಾವ ಯಳಂದೂರಿನ ಹತ್ತಿರ ಅಗರದಲ್ಲಿದ್ದರು. ನಾಚಿಕೆ ಬಿಟ್ಟು ಅಲ್ಲಿಗೂ ಹೋಗಿ ಬಂದೆ. ನನ್ನನ್ನು ಗರಡಿಗೆ ಸೇರಿಸಬೇಕು ಎಂದು ಕೇಳಿದೊಡನೆ ಮಾವ ಕೈಯಲ್ಲಿದ್ದ ಹಗ್ಗ ಕೆಳಗಿಟ್ಟು ನಗಲು ಶುರುಮಾಡಿದರು. ಅತ್ತೆ ನಗಲಿಲ್ಲ. ಗಿರಿಜೆ ಸರಿಯಾಗಿ ಊಟ ಹಾಕುತ್ತಿಲ್ಲ ಎಂದು ತೀರ್ಮಾನಿಸಿ, ಬಿಸಿ ಮುದ್ದೆಗೆ ಕೈ ತುಂಬ ತುಪ್ಪ ಸುರಿದರು. ಆ ತುಪ್ಪ ತಿಂದು, ಅದು ನನಗೆ ಒಗ್ಗದೆ ಹೊಟ್ಟೆ ಕೆಡಿಸಿಕೊಂಡು, ಇನ್ನೂ ತೆಳ್ಳಗಾಗಿ ಕೊಳ್ಳೇಗಾಲಕ್ಕೆ ಮರಳಿದೆ.

ಕಡೆಗೆ ಒಬ್ಬನೇ ಹೋಗುವುದೆಂದಾಯಿತು. ಬೆಳಗಿನ ಜಾವ ಹೆಗಲ ಮೇಲೆ ಟವೆಲು ಹಾಕಿಕೊಂಡು ಹೊರಡುತ್ತಿದ್ದೆ. ಗರಡಿಯ ಬಾಗಿಲನ್ನು ನೀವು ನೋಡಿರಬಹುದು, ಸೊಂಟದ ಎತ್ತರ. ಎಂಥವನೂ ಬಗ್ಗಿಯೇ ಒಳಗೆ ಹೋಗಬೇಕು. ಹೊರಗೆ ನಿಂತವನಿಗೆ ಒಳಗಿನವರ ಮುಖ ಕಾಣುವುದಿಲ್ಲ, ಬರೀ ಕಾಲು ಕಾಣುತ್ತದೆ. ಒಂದೊಂದು ತೊಡೆಯೂ ನನ್ನ ಎದೆಯಷ್ಟು. ಒಳಗಿಂದ ಹೂಂಕಾರ, ತೊಡೆ ತಟ್ಟುವ ಸದ್ದು, ಯಾರೋ ಧೊಪ್ಪನೆ ಬಿದ್ದ ಸದ್ದು. ಬಿದ್ದವನು ಏಳುವ ಸದ್ದಿಗಾಗಿ ಕಾಯುತ್ತಿದ್ದೆ. ಅದು ಬರುವುದರೊಳಗೆ ನನ್ನ ಧೈರ್ಯ ಮನೆಯ ದಾರಿ ಹಿಡಿದಿರುತ್ತಿತ್ತು. ಹಾಗೆ ಸುಮ್ಮನೆ ನಿಂತಿದ್ದರೆ ನೋಡಿದವರು ಏನೆಂದುಕೊಳ್ಳುತ್ತಾರೆ? ಪಕ್ಕದಲ್ಲೊಂದು ಬೇವಿನ ಮರವಿತ್ತು. ಹಲ್ಲುಜ್ಜುವ ಕಡ್ಡಿಗೆಂದು ಬಂದವನಂತೆ ಒಂದು ಕಡ್ಡಿ ಮುರಿದುಕೊಂಡು ಹಿಂತಿರುಗುತ್ತಿದ್ದೆ. ದಿನವೂ ಇದೇ ಆಯಿತು. ಕೈಗೆ ಎಟುಕುವ ಕೊಂಬೆಗಳೆಲ್ಲ ಬೋಳಾದವು. ನಮ್ಮ ಬೀದಿಯಲ್ಲಿ ಮೇಷ್ಟ್ರ ಹಲ್ಲಿನ ಬಗ್ಗೆ ಒಳ್ಳೆಯ ಮಾತು ಹುಟ್ಟಿತು. ಕೈಲಾಗದ ನನ್ನ ಮೇಲೆ ನನಗೆ ಎಂಥ ಕೋಪ ಬರುತ್ತಿತ್ತೆಂದರೆ, ಕಡ್ಡಿ ಜಗಿದು ಜಗಿದು ವಸಡಿನಲ್ಲಿ ರಕ್ತ ಬರುತ್ತಿತ್ತು.

ಒಂದು ದಿನ ನಾನು ಎಟುಕದ ಕೊಂಬೆಗೆ ಹಾರುತ್ತಿದ್ದಾಗ ಗರಡಿಯ ಉಸ್ತಾದ್ ಸಿದ್ದಪ್ಪನವರು ಬಾಗಿಲಲ್ಲಿ ಬಗ್ಗಿ ಹೊರಗೆ ಬಂದರು. ಬಿಳಿ ಮೀಸೆ, ಎಣ್ಣೆ ಹಚ್ಚಿದ ಮೈ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಹಳ ಮೃದುವಾಗಿ, "ಹುಡುಗನ್ನ ಸೇರುಸ್ಬೇಕಾಗಿತ್ತಾ ಸಾ?" ಎಂದು ಕೇಳಿದರು. ಸೇರಬೇಕಾದವನು ನಾನೇ ಎಂದು ಹೇಳಬೇಕಾಗಿತ್ತು. ನನ್ನ ನಾಲಗೆ ಹೂಂ ಎಂದಿತು. ನಾಡಿದ್ದು ಶನಿವಾರ ಒಳ್ಳೆಯ ದಿನ, ಕಾಯಿ, ಎಲೆ ಅಡಿಕೆ ತೆಗೆದುಕೊಂಡು ಹುಡುಗನನ್ನು ಕರೆತನ್ನಿ ಎಂದರು. ನಾನು ಆಗಲಿ ಎಂದೆ. ಮಗನ ವಯಸ್ಸೆಷ್ಟು ಎಂದು ಕೇಳಿದರು. ಹತ್ತು ಎಂದೆ. ಬೇವಿನ ಕಡ್ಡಿ ಹಿಡಿದು ಮನೆ ಮುಟ್ಟುವ ಹೊತ್ತಿಗೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನನಗಿರುವುದು ಒಬ್ಬಳೇ ಮಗಳು. ಅವಳಿನ್ನೂ ಗೋಡೆ ಹಿಡಿದು ನಡೆಯುತ್ತಿದ್ದಳು.

ಶನಿವಾರ ಬಂತು. ಬಾರದೆ ಏನು ಮಾಡುತ್ತದೆ? ಲಂಗೋಟಿಯನ್ನು ಕಾಯಿಯ ಕೆಳಗೆ ಮುಚ್ಚಿಟ್ಟು ಚೀಲ ಹಿಡಿದು ಹೊರಟೆ. ದೇವಸ್ಥಾನಕ್ಕೆ ಹೊರಟೆನೆಂದು ತಿಳಿದು ಗಿರಿಜೆ ಎರಡು ಊದುಬತ್ತಿಯನ್ನೂ ಹಾಕಿಕೊಟ್ಟಳು. ದಾರಿಯುದ್ದಕ್ಕೂ ಮಗನಿಗೆ ಜ್ವರ ಎನ್ನಲೇ, ಮಗ ಅಜ್ಜಿಯ ಊರಿಗೆ ಹೋದ ಎನ್ನಲೇ ಎಂದು ಇಲ್ಲದ ಮಗನಿಗೆ ಇಲ್ಲದ ಕಾಯಿಲೆಗಳನ್ನು ಹುಡುಕುತ್ತಾ ಹೋದೆ. ಬಾಗಿಲ ಮುಂದೆ ನಿಂತೆ. ಬೇವಿನ ಮರದ ಕಡೆ ನೋಡಿದೆ. ಮುರಿಯಲು ಕಡ್ಡಿ ಉಳಿದಿರಲಿಲ್ಲ. ಇಣುಕಿ ನೋಡಿ ಹೋಗೋಣವೆಂದು ಬಗ್ಗಿದೆ, ಸಾಕಷ್ಟು ಬಗ್ಗಲಿಲ್ಲ. ಬಾಗಿಲ ಮೇಲಿನ ತೊಲೆ ಹಣೆಗೆ ಠಣ್ ಎಂದು ಬಡಿಯಿತು.

ಗರಡಿಗೋ ಇನ್ನೆಲ್ಲಿಗೋ ಒಬ್ಬರೇ ಹೋಗಲು ಅಂಜುವವರಿಗೆ ನನ್ನ ಅನುಭವದಿಂದ ಹೇಳಬಹುದಾದ್ದು ಇಷ್ಟೆ: ಮೊದಲು ತಲೆ ಚಚ್ಚಿಕೊಳ್ಳಿ. ಹಣೆಗೆ ಪೆಟ್ಟು ಬಿದ್ದಾಗ ನನಗೆ ಬಂದ ಕೋಪದಲ್ಲಿ ಭಯ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಮನುಷ್ಯರು ಹೋಗುವ ಬಾಗಿಲನ್ನು ಹೀಗೆ ಇಟ್ಟವನು ಯಾರು ಎಂದು ಅವನನ್ನು ಬೈದುಕೊಂಡು ಒಳಗೆ ನುಗ್ಗಿದ್ದೆ. ನುಗ್ಗಿದ ಮೇಲೆ ಸುತ್ತ ನೋಡಿದರೆ ಕೆಂಪು ಮಣ್ಣಿನ ಅಖಾಡ, ಮೂಲೆಯಲ್ಲಿ ಗದೆಗಳು, ಎಣ್ಣೆಯಲ್ಲಿ ಮಿಂಚುವ ಮೈಗಳು. ಎಲ್ಲರೂ ನನ್ನ ಬೆನ್ನ ಹಿಂದೆ ನೋಡುತ್ತಿದ್ದರು. ಹುಡುಗ ಎಲ್ಲಿ ಎಂದು ಸಿದ್ದಪ್ಪನವರು ಕೇಳಿದರು.

ಹಣೆ ಇನ್ನೂ ಸಿಡಿಯುತ್ತಿತ್ತು. "ನಾನೇ ಕಣ್ರೀ ಹುಡುಗ," ಎಂದು ತರಗತಿಯ ದನಿಯಲ್ಲಿ ಕೂಗಿದೆ.

ಅಖಾಡದ ಒಳಗಿಂದ ಒಂದು ನಗು ಕೇಳಿಸಿತು. ಮೈಗೆಲ್ಲ ಕೆಮ್ಮಣ್ಣು ಮೆತ್ತಿಕೊಂಡು, ಒಬ್ಬ ದಾಂಡಿಗನನ್ನು ಅಡಿಗೆ ಹಾಕಿಕೊಂಡು ಅವನ ಮೇಲೆ ಆರಾಮವಾಗಿ ಕೂತಿದ್ದವನು ಮಾದಯ್ಯ. ಅವನು ಬೇರೆ ಎಲ್ಲಿರಲು ಸಾಧ್ಯ ಎಂದು ನಾನು ಮುಂಚೆಯೇ ಯೋಚಿಸಬೇಕಾಗಿತ್ತು. ಅಂಥ ಕೈ ಟಿಕೆಟು ಹರಿದು ಬಂದದ್ದಲ್ಲ.

ಸಿದ್ದಪ್ಪನವರು ಮಾತ್ರ ನಗಲಿಲ್ಲ. ನನ್ನ ಕೈಯಿಂದ ಕಾಯಿ ತೆಗೆದುಕೊಂಡು, ಕೈಹಿಡಿದು ಕೊಡುವವರು ಯಾರು ಎಂದು ಕೇಳಿದರು. ಯಾರೂ ಇಲ್ಲ ಎಂದೆ. ಹಾಗೆ ಯಾರೂ ಇಲ್ಲದವರನ್ನು ಇಳಿಸಿಕೊಂಡರೆ ಇದು ಗರಡಿಯಾಗುವುದಿಲ್ಲ, ಛತ್ರವಾಗುತ್ತದೆ ಎಂದು ಕಾಯಿಯನ್ನು ನನ್ನ ಚೀಲಕ್ಕೇ ಹಾಕಿದರು. ಇಷ್ಟು ದಿನ ಬೇವಿನ ಕಡ್ಡಿ ಅಗಿದು, ತಲೆ ಒಡೆದುಕೊಂಡು, ಊರ ಮುಂದೆ ಹುಡುಗನೆಂದು ಒಪ್ಪಿಕೊಂಡು, ಈಗ ಕಾಯಿ ಹಿಡಿದು ಹಿಂತಿರುಗಬೇಕು. ನನಗೆ ಅಳು ಬಂತು. ಅದನ್ನೂ ಕೋಪವೆಂದೇ ತಿಳಿಯಲಿ ಎಂದು ಹುಬ್ಬು ಗಂಟಿಕ್ಕಿದೆ.

ಅಷ್ಟರಲ್ಲಿ ಮಾದಯ್ಯ ಎದ್ದು ಬಂದು, ತೊಡೆಗೆ ಕೈ ಒರೆಸಿಕೊಂಡ. "ನಾ ಕೊಡ್ತೀನಿ ಉಸ್ತಾದ್ರೇ. ಇವ್ರು ನಮ್ ಬಸ್ಸಿನೋರು," ಎಂದು ನನ್ನ ಕೈ ಹಿಡಿದ. ಅವನ ಮುಷ್ಟಿಯಲ್ಲಿ ನನ್ನ ಕೈ ಎಲ್ಲಿದೆಯೆಂದು ನನಗೇ ಕಾಣಲಿಲ್ಲ. ಉಸ್ತಾದರು ಅದನ್ನು ಹುಡುಕಿ ತೆಗೆದು ತಮ್ಮ ಕೈಯಲ್ಲಿಟ್ಟುಕೊಂಡು, ಕಾಯಿ ಒಡೆಸಿದ ಮೇಲೆ ಕಟ್ಟಳೆ ಹೇಳಿದರು. ಕೈಹಿಡಿದು ತಂದವನು ತಂದೆಯ ಸಮಾನ. ದಿನವೂ ಅವನ ಕಾಲು ಮುಟ್ಟಿ ಮಣ್ಣಿಗಿಳಿಯಬೇಕು. ಅವನ ಮಾತು ಮೀರುವಂತಿಲ್ಲ. ಅವನ ಎದುರು ತೊಡೆ ತಟ್ಟುವುದಂತೂ ಈ ಜನ್ಮದಲ್ಲಿಲ್ಲ.

ಮಾದಯ್ಯ ನನಗಿಂತ ವಯಸ್ಸಿನಲ್ಲಿ ಚಿಕ್ಕವನು. ಅವನನ್ನು ಎತ್ತಿ ಹಾಕಲೆಂದೇ ಬಂದ ನಾನು ಆ ಬೆಳಗ್ಗೆಯೇ ಅವನ ಕಾಲು ಮುಟ್ಟಿದೆ. ಅಂದಿನಿಂದ ಬಸ್ಕಿ ಹೊಡೆಯುವಾಗೆಲ್ಲ ಹಲ್ಲು ಕಚ್ಚಿ ಅವನನ್ನೇ ನೆನೆಯುತ್ತೇನೆ. ಮೈ ಬೇಗ ಬಂದದ್ದು ಅದರಿಂದಲೇ ಇರಬೇಕು. ತೋಳು ತುಂಬಿತು, ಜುಬ್ಬಗಳು ಬಿಗಿಯಾದವು. ಗರಡಿಯಲ್ಲಿ ಅವನು ನನ್ನನ್ನು ಹುಡುಗ ಎನ್ನುತ್ತಾನೆ, ನಾನು ಅಣ್ಣ ಎನ್ನುತ್ತೇನೆ. ಹೊರಗೆ ಬಂದರೆ ನಾನು ಮತ್ತೆ ಸಾ. ಈ ಏರ್ಪಾಡಿನಲ್ಲಿ ಹೇಗೋ ಮರ್ಯಾದೆ ಉಳಿದಿತ್ತು.

ಮೊನ್ನೆ ಗಿರಿಜೆಯನ್ನೂ ಮಗಳನ್ನೂ ಕರೆದುಕೊಂಡು ರಾಮಾಪುರಕ್ಕೆ ಹೊರಟೆ. ಹನೂರು ದಾಟಿತು, ಏರು ಬಂತು, ಬಸ್ಸು ನಿಂತಿತು. ನನ್ನ ಎದೆ ಹಿಗ್ಗಿತು. ಈ ದಿನಕ್ಕಾಗಿ ನಾನು ಎಷ್ಟು ಕಾಲದಿಂದ ಕಾದಿದ್ದೆ. ಮಾದಯ್ಯ ಎಲ್ಲರನ್ನೂ ಒಮ್ಮೆ ನೋಡಿದ. "ಮಿಕ್ಕೋರೆಲ್ಲ ಕೂತಿರಿ," ಎಂದ. "ಲೇ ಹುಡ್ಗ, ನೀ ಇಳಿಯಲಾ."

ಇಳಿದೆ. ಮೀರುವಂತಿಲ್ಲವಲ್ಲ. ಒಂದು ಮೂಲೆಗೆ ಅವನು, ಇನ್ನೊಂದು ಮೂಲೆಗೆ ನಾನು, ಮಧ್ಯೆ ಕಾದ ಒಲೆ. ನಮ್ಮೂರಿನ ಗಂಡಸರೆಲ್ಲ ಕಾಲ ಮೇಲೆ ಕಾಲು ಹಾಕಿಕೊಂಡು ಕೂತು, ಹೂಂ, ಇನ್ನೊಂದು ಚೂರು ಎಂದು ಬುದ್ಧಿ ಹೇಳುತ್ತಿದ್ದರು. ನನ್ನ ಹಳೆಯ ಜಾಗದಲ್ಲಿ ಕಡ್ಡಿಯಂಥ ಒಬ್ಬ ಗುಮಾಸ್ತ ಎಲೆ ಅಡಿಕೆ ಅಗಿಯುತ್ತಾ ಕೂತಿದ್ದ. ಅವನ ಮೇಲೆ ನನಗೆ ಬಂದಷ್ಟು ಸಿಟ್ಟು ಮಾದಯ್ಯನ ಮೇಲೂ ಬಂದಿರಲಿಲ್ಲ. ಗಿರಿಜೆ ಕಿಟಕಿಯಿಂದ ಕತ್ತು ಹೊರಗಿಟ್ಟು ನೋಡುತ್ತಿದ್ದಳು. ಕಡೆಗೂ ನನ್ನನ್ನೇ ನೋಡುತ್ತಿದ್ದಳು. ಅದೊಂದೇ ಬಲದಿಂದ ಬಸ್ಸನ್ನು ಮೇಲಕ್ಕೆ ಸೇರಿಸಿದೆ.

ಮೈಯೆಲ್ಲ ಮಸಿ ಮಾಡಿಕೊಂಡು ಹತ್ತಿ ಬಂದು, ಅವಳ ಪಕ್ಕದಲ್ಲಿ ಕೂತು, ಏನಾದರೂ ಹೇಳುತ್ತಾಳೆಂದು ಕಾದೆ. "ಮೊದಲೇ ಚೆನ್ನಾಗಿತ್ತು ಕಣ್ರಿ," ಎಂದಳು. "ಮಗು ಎತ್ಕೊಳ್ಳೋಕೆ ಒಬ್ಬರಿರ್ತಿದ್ರಿ." ಚೀಲದಿಂದ ಮಜ್ಜಿಗೆಯ ಪಾತ್ರೆ ತೆಗೆದಳು.

ಇಷ್ಟು ದಿನ ಬೆಳೆಸಿದ ಕೋಪವೆಲ್ಲ ಮುಷ್ಟಿಗೆ ಬಂತು. ಮುಂದಿನ ಸೀಟಿನ ಹಲಗೆಯನ್ನು ಗುದ್ದಿದೆ. ಈ ಸಲ ನಾನು ಸದ್ದು ಮಾಡಲಿಲ್ಲ, ಹಲಗೆ ಮಾಡಿತು. ಫಟ್ಟನೆ ಸೀಳು ಬಿಟ್ಟಿತು. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಬಾಗಿಲಲ್ಲಿ ನಿಂತಿದ್ದ ಮಾದಯ್ಯ ಹಿಂತಿರುಗಿ, "ಯಾರ್ಲಾ ಅದು?" ಎಂದು ಕೇಳಿದ.

"ನಾನೇ ಅಣ್ಣಾ," ಎಂದು ಎದ್ದು ನಿಂತೆ.