ತೆಗ್ಗು ಮುಚ್ಚುವ ಅಂಕಲ್

ನಮ್ಮ ಪಕ್ಕದ ಮನೆಯ ಅಂಕಲ್‌ಗೆ ಮಾತ್ರ ವಡೆ ಬಡಿಸಬೇಡಿ! ಅವರು ಮೊದಲು ವಡೆಯ ತೂತಿಗೆ ಚಟ್ನಿ ತುಂಬುತ್ತಾರೆ, ಚಮಚದ ಬೆನ್ನಿನಿಂದ ಮಟ್ಟ ಮಾಡುತ್ತಾರೆ, ಎರಡು ಸಲ ತಟ್ಟುತ್ತಾರೆ, ಆಮೇಲೆ ತಿನ್ನುತ್ತಾರೆ. ಪಂಕ್ತಿಯಲ್ಲಿ ಮುಂದೆ ಕೂತವರ ಚಟ್ನಿಯ ಗತಿಯೇನು?

"ತೆಗ್ಗು ತೆರದಿಡಬಾರದವಾ," ಎನ್ನುತ್ತಾರೆ. ಮೈಸೂರಿನವಳಾದ ನನ್ನ ಗುಂಡಿ, ಧಾರವಾಡದ ಅವರಿಗೆ ತೆಗ್ಗು.

ಟೇಲರ್ ಎಂಬ ಊರು ದಾಟಿ ಒಂದು ಗಂಟೆ ಹೋದರೆ ಸಿಗುವ ಕಲ್ಲಿದ್ದಲಿನ ಊರಿನಲ್ಲಿ ಅವರು ಎಂಜಿನಿಯರ್ ಆಗಿದ್ದರು. ಅಗೆಯುವವರಲ್ಲ, ಮುಚ್ಚುವವರು! ಕಲ್ಲಿದ್ದಲು ತೆಗೆದಾದ ಗುಂಡಿಗೆ ಮಣ್ಣು ತುಂಬಿ, ಹುಲ್ಲು ಬೆಳೆಸಿ, ಏನೂ ಆಗಿಲ್ಲವೆಂಬಂತೆ ಮಾಡುವುದೇ ಕೆಲಸ. ಗಣಿ ನಿಂತಿತು, ಊರು ಖಾಲಿಯಾಯಿತು. ಮಗಳು ಅವರನ್ನು ನಾವಿರುವ ಫ್ಲೂಗರ್‌ವಿಲ್‌ಗೆ ಕರೆತಂದಳು. ಕೈ ಮಾತ್ರ ಕೇಳಬೇಕಲ್ಲ?

ಸೌತ್‌ಲೇಕ್‌ನ ಗೆಳೆಯರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆವು. ಊಟ ಮುಗಿಸಿ ಹಿತ್ತಲಿಗೆ ಬಂದ ಗೆಳೆಯರು, ಅಲ್ಲಿ ಮಣ್ಣು ತಟ್ಟುತ್ತಿದ್ದ ಅಂಕಲ್ ಅವರನ್ನು ಕಂಡು ಕಿರುಚಿಕೊಂಡರು. "ಅಂಕಲ್! ಆ ಗುಂಡಿಗಳು ಗುಲಾಬಿ ಗಿಡಕ್ಕೆ!"

"ಗಿಡ ಎಲ್ಲೈತಿ?"

"ಸಾಯಂಕಾಲ ತರೋಣ ಅಂತ..."

"ಹಂಗಾರ ಸಾಯಂಕಾಲ ತೋಡಬೇಕಿತ್ತು!"

ಗುಂಡಿ ಎಷ್ಟಿದ್ದವು? ಗೆಳೆಯರು ಆರು ಎನ್ನುತ್ತಾರೆ, ಅಂಕಲ್ ಎರಡು. ನಾನು ಪ್ರತಿ ಸಲ ಹೇಳುವಾಗಲೂ ಒಂದು ಹೆಚ್ಚಾಗುತ್ತದೆ. ನನ್ನ ನೆನಪನ್ನು ಅಷ್ಟಾಗಿ ನಂಬಬೇಡಿ. ನಾನು ಆಗ ಹೋಳಿಗೆಯ ಮುಂದಿದ್ದೆ.

ಕಳೆದ ಚಳಿಗಾಲದ ಒಂದು ಬೆಳಗ್ಗೆ ಫೋನ್ ಹಿಡಿದು ಓಡಿ ಬಂದರು. "ತಂಗೀ, ನಮ್ಮೂರು ಎದ್ದು ಕುಂತೈತಿ! ನೋಡಿಲ್ಲೆ, ಮೈನಿಂಗ್‌ಗೆ ಮಂದಿ ಬೇಕಂತ. ಅವರು ತೋಡಿದ್ರ ಮುಚ್ಚಾಕ ನಾ ಬೇಕೋ ಬ್ಯಾಡೋ?"

ಸಾಫ್ಟ್‌ವೇರ್‌ನಲ್ಲಿರುವ ನನಗೆ ಅದು ಯಾವ ಮೈನಿಂಗ್ ಎಂದು ಒಂದೇ ನೋಟಕ್ಕೆ ಗೊತ್ತಾಯಿತು. ಹೇಳಬೇಕಿತ್ತು. ಅವರು ಆಗಲೇ ಮನೆಗೆ ಹೋಗಿ ಗಣಿಯ ಹಳೆಯ ಹೆಲ್ಮೆಟ್ ಒರೆಸುತ್ತಿದ್ದರು. ನಾನು ಕಾರಿನ ಕೀ ತೆಗೆದುಕೊಂಡೆ.

ಊರಿನ ಮುಖ್ಯರಸ್ತೆಯಲ್ಲಿ ಅರ್ಧ ಅಂಗಡಿಗಳಿಗೆ ಹಲಗೆ ಬಡಿದಿತ್ತು, ಹಲಗೆಗಳ ಮೇಲೆ ಸೂರ್ಯಕಾಂತಿಯ ಚಿತ್ರ ಬರೆದಿತ್ತು. ಕಾರ್ಮಿಕರ ಕ್ಯಾಂಟೀನು ಯೋಗಶಾಲೆಯಾಗಿತ್ತು. ಹಳೆಯ ಉಗ್ರಾಣದಲ್ಲಿ ಪ್ರವಾಸಿಗರಿಗಾಗಿ ಕಪ್ಪು ಐಸ್‌ಕ್ರೀಂ, ಹೆಸರು ಕಲ್ಲಿದ್ದಲು! ಅಂಕಲ್ ನೆಕ್ಕಿ ನೋಡಿ, "ಇದು ನಮ್ಮ ಮಾಲಲ್ಲ," ಎಂದರು.

ಊರಾಚೆ ಉದ್ದುದ್ದ ತಗಡಿನ ಶೆಡ್‌ಗಳು, ಒಳಗೆ ಸಾವಿರ ಫ್ಯಾನ್‌ಗಳು ಒಟ್ಟಿಗೆ ತಿರುಗಿದಂಥ ಗದ್ದಲ. ಮ್ಯಾನೇಜರ್ ಹೆಂಗಸು ಗೇಟಿಗೆ ಬಂದಳು. ಅಂಕಲ್ ಇಂಗ್ಲಿಷ್‌ನಲ್ಲಿ ಕೇಳಿದರು, "ಎಷ್ಟು ಆಳಕ್ಕೆ ಹೋಗಿದ್ದೀರಿ?"

"ಆಳವೇ? ಇಲ್ಲಿ ಏನೂ ಅಗೆಯುವುದಿಲ್ಲ ಸರ್. ಕಂಪ್ಯೂಟರ್‌ಗಳು ಬಿಟ್‌ಕಾಯಿನ್ ಹುಡುಕುತ್ತವೆ. ಅದನ್ನೇ ಮೈನಿಂಗ್ ಅನ್ನುತ್ತಾರೆ."

ಅಂಕಲ್ ನನ್ನ ಕಡೆ ತಿರುಗಿದರು. "ತೆಗ್ಗ ಇಲ್ಲದ್ದು ಎಂಥಾ ಗಣಿ? ಹಂಗಾರ ಮುಚ್ಚೂದು?"

"ಮುಚ್ಚೋಕೆ ಏನೂ ಇಲ್ಲ ಅಂಕಲ್."

ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ತಲೆ ತೀರಾ ಚಿಕ್ಕದಾಗಿ ಕಂಡಿತು. "ನಿನಗ ಮೊದಲೇ ಗೊತ್ತಿತ್ತೇನವಾ?"

ನಾನು ಕೈಯಲ್ಲೇ ಇದ್ದ ಕಾರಿನ ಕೀಯನ್ನು ಚೀಲದಲ್ಲಿ ಹುಡುಕಿದೆ. "ನಮ್ಮ ಹಳೇ ತೆಗ್ಗನಾರ ನೋಡಿ ಹೋಗೂಣು," ಎಂದರು.

ಹೋದಲ್ಲೆಲ್ಲ ಹುಲ್ಲು, ದನ, ಬೇಲಿ. ಮೂರು ಸಲ ಕಾರು ತಿರುಗಿಸಿದೆ. ಅಂಕಲ್ ಇಳಿದು ಅತ್ತ ನಡೆದರು, ಇತ್ತ ನಡೆದರು. ಎಷ್ಟು ಚೆನ್ನಾಗಿ ಮುಚ್ಚಿದ್ದರೆಂದರೆ, ಮುಚ್ಚಿದವರಿಗೇ ಸಿಗಲಿಲ್ಲ.

"ಇಲ್ಲೇ ಇತ್ತಲ್ಲವಾ?"

ನಾನು ಅದನ್ನು ಎಂದೂ ಕಂಡವಳಲ್ಲ. "ಹೌದು ಅಂಕಲ್, ಇಲ್ಲೇ."

"ಭಾಳ ದೊಡ್ಡದಿತ್ತಲ್ಲ?"

"ತುಂಬಾ ದೊಡ್ಡದು."

ಈಗ ಆ ಗುಂಡಿ ನನಗೂ ಕಣ್ಣಿಗೆ ಕಟ್ಟಿದಂತೆ ನೆನಪಾಗುತ್ತದೆ. ಏನು ಮಾಡಲಿ?

ಅವರು ಬೂಟಿನ ಹಿಮ್ಮಡಿಯಿಂದ ಹುಲ್ಲು ಕೆದಕಿ, ಒಂದು ಮುಷ್ಟಿ ಆಳದ ಗುಂಡಿ ಮಾಡಿ, ಬಗ್ಗಿ ನೋಡಿದರು. ಮಣ್ಣು ಸರಿಸಿ ಎರಡು ಸಲ ತಟ್ಟುತ್ತಾರೆಂದು ನಾನು ಕಾದೆ.

"ಇರಲಿ ಬಿಡವಾ," ಎಂದು ಕಾರಿನ ಕಡೆ ನಡೆದರು.